ಹೆಂಡತಿಯ ಅಳತೆಗೆ ಕಟ್ಟಿದ ಮನೆ

ಧಡ್.

ಆಮೇಲೆ ಒಳಗಿನಿಂದ ಹೆಂಗಸಿನ ದನಿ: “ಮಂಡೆ ಬಗ್ಗಿಸಿ ಅಂತ ಎಷ್ಟು ಸಲ ಹೇಳುದು ಮಾರಾಯ್ರೆ!” ಅದಕ್ಕೆ ಗಂಡಸಿನ ದನಿ, ನೋವು ನುಂಗಿಕೊಂಡು, ಕ್ಲಾಸಿನಲ್ಲಿ ಪಾಠ ಹೇಳುವ ಗತ್ತಿನಲ್ಲಿ: “ಬಾಗಿಲು ಸರಿಯಾಗಿಯೇ ಉಂಟು. ನಾನೇ ಔಟ್ ಆಫ್ ಪ್ರಪೋರ್ಷನ್.”

ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ನನ್ನ ಅಡುಗೆಮನೆಯ ಕಿಟಕಿಗೆ ಆ ವರ್ಷ ಪಕ್ಕದ ಕಾಂಪೌಂಡಿನಿಂದ ದಿನಕ್ಕೆ ಹಲವು ಸಲ ಕೇಳಿಸುತ್ತಿದ್ದ ಸದ್ದು ಇದು. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗ ಈಗಲೂ ಒಮ್ಮೊಮ್ಮೆ ಕಿವಿ ಅತ್ತ ಹೋಗುತ್ತದೆ. ಓಲ್ಡ್ ಹ್ಯಾಬಿಟ್.

ತಲೆ ಬಡಿಸಿಕೊಳ್ಳುತ್ತಿದ್ದವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇರಲಿಲ್ಲ. ಕನ್ನಡದವರಿಗೆ ಪ್ರೊಫೆಸರ್, ಗುಜರಾತಿಗಳಿಗೆ ಪ್ರೊಫೆಸರ್‌ಭಾಯ್, ಬಡಗಿಗಳಿಗೆ ಮ್ವಾಲಿಮು, ಅಂದರೆ ಮೇಷ್ಟ್ರು. ಹೆಂಡತಿಗೆ ಮಾತ್ರ ‘ಇವರು’.

ಅವರ ಬಗ್ಗೆ ಬರೆಯಿರಿ ಎಂದದ್ದೂ ಆ ಹೆಂಡತಿಯೇ, ವಾರಿಜಾ. “ಬರೀರಿ ಟೀಚರ್. ಇದ್ದದ್ದು ಇದ್ದ ಹಾಗೆ ಬರೀರಿ. ನನ್ನನ್ನು ಮಾತ್ರ ಸ್ವಲ್ಪ ಸಪೂರ ಮಾಡಿ ಬರೀರಿ,” ಎಂದರು. ಎರಡೂ ಒಟ್ಟಿಗೆ ಆಗುವ ಕೆಲಸವಲ್ಲ. ಮೊದಲನೆಯದನ್ನು ಪ್ರಯತ್ನಿಸುತ್ತೇನೆ.

ಪ್ರೊಫೆಸರರು ಉಡುಪಿ ಕಡೆಯವರು. ಉದ್ದಕ್ಕೆ ಬೀದಿದೀಪದ ಕಂಬ, ಅಗಲಕ್ಕೂ ಅದೇ. ಯಾರ ಮನೆಗೆ ಹೋದರೂ ಮೊದಲು ತೋರುಬೆರಳನ್ನು ನಾಲಿಗೆಗೆ ತಾಗಿಸಿ ಗಾಳಿಯಲ್ಲಿ ಎತ್ತಿ ಹಿಡಿಯುವರು. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯದೆ ಅವರಿಗೆ ಕೂತುಕೊಳ್ಳಲಾಗುತ್ತಿರಲಿಲ್ಲ. ಗೃಹಪ್ರವೇಶದಲ್ಲಿ, ದೇವಸ್ಥಾನದಲ್ಲಿ, ಒಮ್ಮೆ ಒಂದು ಮದುವೆಯಲ್ಲಿ ವರ ತಾಳಿ ಕಟ್ಟುತ್ತಿದ್ದಾಗ ಕೂಡ ಆ ಬೆರಳು ಮೇಲೆದ್ದದ್ದನ್ನು ನಾನು ಕಂಡಿದ್ದೇನೆ. ಪುರೋಹಿತರು ಏನೋ ಆಕ್ಷೇಪ ಇದೆಯೆಂದು ಮಂತ್ರ ನಿಲ್ಲಿಸಿದರು. “ನೀವು ನಡೆಸಿ, ನಡೆಸಿ. ಕ್ರಾಸ್ ವೆಂಟಿಲೇಶನ್ ಇಲ್ಲ, ಅಷ್ಟೇ,” ಎಂದರು ಪ್ರೊಫೆಸರರು.

ಇನ್ನೊಂದು ಸಲದ ಬೆರಳನ್ನೂ ಹೇಳಿಬಿಡಬೇಕು. ನನ್ನ ಯಜಮಾನರು ಹೋದಾಗ ಮನೆ ತುಂಬ ಜನ. ಎಲ್ಲರೂ ಬಂದು ಏನೇನೋ ಹೇಳಿದರು, ಯಾವುದೂ ನೆನಪಿಲ್ಲ. ಇವರು ಬಂದರು, ಕೂತರು, ಬೆರಳು ಎತ್ತಿದರು. ಆಮೇಲೆ ಒಂದೂ ಮಾತಾಡದೆ ಎದ್ದು ನನ್ನ ಬೆನ್ನ ಹಿಂದಿನ ಕಿಟಕಿ ತೆರೆದು ಹೊರಟುಹೋದರು. ಬೆಳಗಿನಿಂದ ನನಗೆ ಉಸಿರು ಕಟ್ಟಿದಂತಾಗಿದ್ದು ಯಾಕೆಂದು ಆಗ ಗೊತ್ತಾಯಿತು.

ಹರೆಯದಲ್ಲಿ ಅವರು ಆರ್ಕಿಟೆಕ್ಚರ್ ಪಾಠ ಹೇಳಲು ಮಲೇಶಿಯಾಕ್ಕೆ ಹೋದವರು. ಅಲ್ಲಿಂದ ನೈರೋಬಿಗೆ ಬರುವಾಗ ಹೆಚ್ಚು ಸಾಮಾನು ತರಲಿಲ್ಲವಂತೆ, ಒಂದು ಮನೆಯನ್ನು ತಲೆಯಲ್ಲಿಟ್ಟುಕೊಂಡು ಬಂದರು. ಮಲಯದ ಹಳ್ಳಿಮನೆ. ಕಂಪುಂಗ್ ಮನೆ ಎನ್ನುತ್ತಾರೆ. ಮರದ ಕಂಬಗಳ ಮೇಲೆ ಆಳೆತ್ತರಕ್ಕೆ ಎತ್ತಿ ನಿಲ್ಲಿಸಿದ್ದು. ಕೆಳಗಿನ ಖಾಲಿ ಜಾಗದಲ್ಲಿ ಮಳೆನೀರು ಹರಿದುಹೋಗಲಿ, ಕೋಳಿ ಮಲಗಲಿ, ದೋಣಿ ನಿಲ್ಲಲಿ. ಕಡಿದಾದ ಸೂರು, ನೆಲದವರೆಗೂ ಇಳಿಯುವ ಕಿಟಕಿಗಳು, ಗೋಡೆಯ ನೆತ್ತಿಯಲ್ಲಿ ಗಾಳಿಯಾಡಲು ಕೆತ್ತನೆಯ ಹಲಗೆ, ಮುಂದೆ ತೆರೆದ ಜಗಲಿ. ಕಬ್ಬಿಣದ ಮೊಳೆ ಇಲ್ಲ, ಮರಕ್ಕೆ ಮರದ್ದೇ ಗೂಟ.

“ಆ ಮನೆ ಉಸಿರಾಡ್ತದೆ ಟೀಚರ್,” ಎನ್ನುವರು.

“ಸೀನ್ತದೆ ಕೂಡ,” ಎಂದು ವಾರಿಜಾ ಒಳಗಿನಿಂದ. ಅವರು ಮದುವೆಯಾಗಿ ಹೋಗಿ ಇಳಿದದ್ದೇ ಅಂಥ ಒಂದು ಬಾಡಿಗೆ ಮನೆಗೆ. “ಕೆಳಗೆ ಉಡ ಟೀಚರ್! ಮೊಸಳೆ ಸೈಜಿನ ಉಡ. ಮೇಲೆ ನಾನು ದೋಸೆ ಹುಯ್ಯುದು, ಕೆಳಗೆ ಅದು ಬಾಯಿ ತೆರೆದು ಕೂರುದು.”

“ಅದು ಯಾವತ್ತೂ ಒಂದು ದೋಸೆ ಕದ್ದಿಲ್ಲ. ಸುಮ್ಮನೆ ಅದರ ಮೇಲೆ ಅಪವಾದ.”

“ಇವರಿಗೆ ಉಡದ ಮರ್ಯಾದೆ ದೊಡ್ಡದು.”

ಇಷ್ಟರಲ್ಲೇ ಇದ್ದಿದ್ದರೆ ಇದು ಊಟದ ಮೇಜಿನ ಜೋಕಾಗಿ ಉಳಿಯುತ್ತಿತ್ತು. ಆದರೆ ಪ್ರೊಫೆಸರರು ರಿಟೈರ್ ಆದ ವರ್ಷವೇ ಅವರ ಹಳೆಯ ಕಲ್ಲಿನ ಬಂಗ್ಲೆಯ ಸೂರನ್ನು ಗೆದ್ದಲು ತಿಂದು ಮುಗಿಸಿತ್ತು. ಕೆಡವಲೇಬೇಕು. ಮುಂದೆ ಎಲ್ಲಿ ಇರುವುದು? ವಾರಿಜಾರ ಕಣ್ಣು ಎದುರು ರಸ್ತೆಯಲ್ಲಿ ಹೊಸದಾಗಿ ಎದ್ದ ಕಟ್ಟಡದ ಏಳನೇ ಮಹಡಿಯ ಮೇಲೆ. ಲಿಫ್ಟ್, ಜನರೇಟರ್, ಬಿಸಿನೀರು, ಗಾಳಿ ನುಸುಳದ ಕಿಟಕಿ. ಪ್ರೊಫೆಸರರ ಕಣ್ಣು ತಮ್ಮದೇ ಕಾಂಪೌಂಡಿನ ಮುಂಭಾಗದ ಖಾಲಿ ಜಾಗದ ಮೇಲೆ.

“ಇಡೀ ಜೀವಮಾನ ಬೇರೆಯವರಿಗೆ ಪಾಠ ಹೇಳಿದೆ. ಒಂದು ಮನೆ ಕಟ್ಟಿ ತೋರಿಸದೆ ಸಾಯ್ಲಿಕ್ಕಾ?” ಎಂದರು. ಮ್ಯೂಸಿಯಮ್ ಅಲ್ಲ, ಈ ಕಾಲದಲ್ಲಿ, ಈ ಊರಿನಲ್ಲಿ ಮನುಷ್ಯರು ಬದುಕುವ ಕಂಪುಂಗ್ ಮನೆ. ಅವರಿಗೆ ಬೇಕಾಗಿದ್ದುದು ಅದೊಂದೇ. ಅದರಲ್ಲಿ ವಾರಿಜಾ ಇರಬೇಕು. ವಾರಿಜಾ ಇಲ್ಲದ ಮೇಲೆ ಅದು ಬರೀ ಮಾಡೆಲ್.

ಈಗ ಆ ಅಳತೆಯ ಕಥೆ. ಮಲಯದ ಹಳ್ಳಿಗಳಲ್ಲಿ ಮನೆಯ ನಡುಭಾಗವನ್ನು ತಾಯಿಮನೆ ಎಂದೇ ಕರೆಯುತ್ತಾರಂತೆ. ಅದಕ್ಕೆ ಟೇಪ್ ಹಿಡಿಯುವುದಿಲ್ಲ. ಮನೆಯೊಡತಿ ಎರಡೂ ಕೈ ಚಾಚಿ ನಿಲ್ಲಬೇಕು. ಒಂದು ಬೆರಳ ತುದಿಯಿಂದ ಇನ್ನೊಂದು ಬೆರಳ ತುದಿಗೆ ಹಗ್ಗ ಹಿಡಿಯಬೇಕು. ಆ ಒಂದು ಮಾರೇ ಇಡೀ ಮನೆಯ ಲೆಕ್ಕಕ್ಕೆ ಮೂಲ. ಪ್ರೊಫೆಸರರಿಗೆ ಈ ಪದ್ಧತಿಯ ಮೇಲೆ ಪ್ರಾಣ. ಅವರು ಗಮನಿಸದೆ ಹೋದದ್ದು ಇಷ್ಟೇ: ವಾರಿಜಾ ಗಂಡನ ಎದೆಯ ಮಟ್ಟಕ್ಕೆ ಬರುವವರು.

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅಳತೆ. ಬಡಗಿ ಕಮಾವು ಹಗ್ಗ ಹಿಡಿದು ನಿಂತಿದ್ದ. ನಾನು ಬೇಲಿಯ ಈಚೆ.

“ನಾನೆಂತ ಗದ್ದೆಯ ಬೆರ್ಚಪ್ಪವಾ, ಕೈ ಅಗಲಿಸಿ ನಿಲ್ಲಲಿಕ್ಕೆ?”

“ಒಂದೇ ನಿಮಿಷ, ವಾರಿಜಾ.”

“ಅಳತೆ ಕೊಟ್ರೆ ಒಪ್ಪಿದ ಹಾಗೆ ಅಂತ ಆಮೇಲೆ ಹೇಳ್ಲಿಕ್ಕಿಲ್ಲ. ಟೀಚರ್, ನೀವು ಸಾಕ್ಷಿ. ಕೈ ಮಾತ್ರ ಕೊಡ್ತಾ ಇದ್ದೇನೆ, ಒಪ್ಪಿಗೆ ಕೊಡ್ಲಿಲ್ಲ!”

ಕಮಾವು ಹಗ್ಗ ಹಿಡಿದ, ಗಂಟು ಹಾಕಿದ, ಗಂಟನ್ನು ನೋಡಿದ, ಪ್ರೊಫೆಸರರನ್ನು ಬುಡದಿಂದ ತುದಿಯವರೆಗೆ ನೋಡಿದ. “ಮ್ವಾಲಿಮು, ಮಾಮಾ ನಿ ಮ್ಫುಪಿ ಸಾನಾ,” ಎಂದ ಮೆಲ್ಲಗೆ. ಅಮ್ಮ ಬಹಳ ಗಿಡ್ಡ ಎಂದರ್ಥ.

ವಾರಿಜಾ ಕೈ ಇಳಿಸದೆಯೇ ಅವನತ್ತ ತಿರುಗಿದರು. “ಎಂತದು? ನನ್ನ ಕೈಗೆ ಎಂತ ಆಗಿದೆ?” ಕೇಳಿದ್ದು ಕನ್ನಡದಲ್ಲಿ. ಅವನಿಗೆ ಪೂರ್ತಿ ಅರ್ಥವಾಯಿತು.

“ಸವಾ ಮಾಮಾ, ಸವಾ,” ಎಲ್ಲ ಸರಿಯಾಗಿದೆ ಎಂದು ಹಗ್ಗ ಸುತ್ತಿಕೊಂಡ.

ಬಾಗಿಲಿನ ಎತ್ತರವನ್ನೂ ಪ್ರೊಫೆಸರರು ವಾರಿಜಾರ ಎತ್ತರಕ್ಕೆ ಒಂದು ಗೇಣು ಸೇರಿಸಿ ನಿಗದಿ ಮಾಡಿದರು. ಅದು ಮಲಯದ ನಿಯಮವೋ ಇವರ ಪ್ರೇಮವೋ ನಾನು ಕೇಳಲಿಲ್ಲ. ಮನೆ ಎದ್ದಿತು. ನೋಡಲು ಮುದ್ದಾಗಿತ್ತು, ದೊಡ್ಡ ಮಕ್ಕಳಿಗೆ ಮಾಡಿದ ಬೊಂಬೆಮನೆಯ ಹಾಗೆ. ವಾರಿಜಾ ಅದರೊಳಗೆ ರಾಣಿಯಂತೆ ಓಡಾಡಿದರು. ಕಟ್ಟಿದವರು ಮಾತ್ರ ಪ್ರತಿ ಬಾಗಿಲಿನಲ್ಲೂ ಹಣೆ ಬಡಿಸಿಕೊಂಡರು. ಪ್ರತಿ ಸಲವೂ ಕಮಾವು ಉಳಿ ಕೆಳಗಿಟ್ಟು, “ಪೋಲೆ, ಮ್ವಾಲಿಮು,” ಎಂದು ಮರುಕಪಡುತ್ತಿದ್ದ. ಅವರ ಹಣೆಯ ಮೇಲೆ ಒಂದು ಬುಗುಟು ಖಾಯಂ ಆಯಿತು. ಗುರುತಿನ ಚೀಟಿಯ ಫೋಟೋದಲ್ಲೂ ಇದೆ ಎಂದು ಕೇಳಿದ್ದೇನೆ.

ಗಾಳಿಯ ಹಲಗೆಗಳಿಗೆ ಹೂಬಳ್ಳಿ ಕೆತ್ತಬೇಕಿತ್ತು. ಕಮಾವು ಕರೆತಂದ ಕೆತ್ತನೆಯವನು ಅಲ್ಲಿಯವರೆಗೆ ಟೂರಿಸ್ಟರ ಅಂಗಡಿಗಳಿಗೆ ಕೆತ್ತಿದವನು. ಹೂ ಎಂದರೆ ಅವನ ಕೈ ಓಡಲಿಲ್ಲ. ಒಂದು ವಾರ ಬಿಟ್ಟು ನೋಡಿದರೆ ಮನೆಯ ಸುತ್ತ ಜಿರಾಫೆಗಳು ಸಾಲುಗಟ್ಟಿ ನಡೆಯುತ್ತಿವೆ, ಕೊನೆಯಲ್ಲಿ ಒಂದು ಘೇಂಡಾಮೃಗ. ನಾನು ಪ್ರೊಫೆಸರರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ಬೆರಳು ಒದ್ದೆ ಮಾಡಿ ಜಿರಾಫೆಯ ಕಾಲುಗಳ ಸಂದಿಯಲ್ಲಿ ಹಿಡಿದು, “ಬ್ಯೂಟಿಫುಲ್! ಗಾಳಿ ಬರ್ತದೆ. ಇದೇ ಅಲ್ವಾ ಅಡಾಪ್ಟೇಶನ್!” ಎಂದು ಆ ಕೆತ್ತನೆಯವನ ಕೈ ಕುಲುಕಿದರು.

ಹೀಗೇ ಒಂದೊಂದೂ ಒಗ್ಗಿತು. ತೆಂಗಿನ ಗರಿಯ ಜಾಗದಲ್ಲಿ ತಗಡಿನ ಸೂರು, ಅದರ ಮೇಲೆ ಸೋಲಾರ್. ದೋಣಿ ನಿಲ್ಲುವ ಜಾಗದಲ್ಲಿ ಅವರ ಹಳೆಯ ಕಾರು. ಮೆಟ್ಟಿಲ ಬುಡದಲ್ಲಿ ಕಾಲು ತೊಳೆಯುವ ನೀರಿನ ಗುಡಾಣ ಇರಲೇಬೇಕು ಎಂದರು. “ಈ ಊರಿನ ಚಳಿಗೆ ಕಾಲು ತೊಳೆದ್ರೆ ಕಾಲೇ ಕಳಚಿ ಬೀಳ್ತದೆ,” ಎಂದರು ವಾರಿಜಾ. ಗುಡಾಣಕ್ಕೆ ಗೀಸರಿನ ನಲ್ಲಿ ಬಂತು.

ಪ್ಲಾನ್ ನೋಡಲು ಬಂದ ಇನ್ಸ್‌ಪೆಕ್ಟರ್ ಸಾಹೇಬರು ಮನೆಯನ್ನು ಎರಡು ಸುತ್ತು ಬಂದು, “ಗ್ರೌಂಡ್ ಫ್ಲೋರ್ ಎಲ್ಲಿ?” ಎಂದರು.

“ಇಲ್ಲ.”

“ಹಾಗಾದರೆ ಮೇಲಿರುವುದು ಫಸ್ಟ್ ಫ್ಲೋರ್?”

“ಇರುವುದೇ ಒಂದು ಫ್ಲೋರ್.”

“ಒಂದೇ ಇದ್ದರೆ ಅದೇ ಗ್ರೌಂಡ್ ತಾನೆ?”

“ಗ್ರೌಂಡ್ ನಿಮ್ಮ ಬೂಟಿನ ಕೆಳಗೆ ಇದೆಯಲ್ಲ ಸರ್.”

ಕೆಲಸ ಕೆಟ್ಟಿತು ಎಂದುಕೊಂಡೆವು. ಆತ ಮೆಟ್ಟಿಲು ಹತ್ತಿ, ಜಗಲಿಯಲ್ಲಿ ಕೂತು, ವಾರಿಜಾ ಕೊಟ್ಟ ಟೀ ಕುಡಿದು, ಕಂಬ ತಟ್ಟಿ ನೋಡಿದರು. “ನನ್ನ ಅಜ್ಜಿಯ ಜೋಳದ ಕಣಜವೂ ಹೀಗೆಯೇ ಕಾಲಿನ ಮೇಲೆ ನಿಂತಿತ್ತು,” ಎಂದರು. ಪ್ರೊಫೆಸರರು ಅವರನ್ನು ಅಪ್ಪಿಕೊಂಡೇಬಿಟ್ಟರು. ಆತ ಹೋದಮೇಲೆ ವಾರಿಜಾ, “ಅಂದ್ರೆ ಇನ್ನು ನಾವು ಇರುದು ಜೋಳದ ಕಣಜದಲ್ಲಿ,” ಎಂದು ಲೋಟ ತೊಳೆದಿಟ್ಟರು.

ಕೊನೆಗೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಇಡೀ ಜುಲೈ ತಿಂಗಳು ವಾರಿಜಾ ಆ ಮನೆಯಲ್ಲಿ ಇದ್ದು ನೋಡುವುದು. ತಡೆದರೆ ಅಲ್ಲೇ ಇರುವುದು. ತಡೆಯಲಾಗದಿದ್ದರೆ ಎದುರಿನ ಫ್ಲಾಟು, ಮತ್ತೆ ತಕರಾರಿಲ್ಲ. ಜುಲೈ ಅಂದರೆ ನೈರೋಬಿಯಲ್ಲಿ ಸೂರ್ಯ ರಜೆಯ ಮೇಲೆ ಹೋಗುವ ತಿಂಗಳು. ಆಕಾಶ ಬೂದಿ ಬಣ್ಣ, ಮೂಳೆಯೊಳಗೆ ಚಳಿ. ಬಿಸಿಲೂರಿಗೆಂದು ಹುಟ್ಟಿದ ಮನೆಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇಲ್ಲ. ಅಂಪೈರ್ ಯಾರು? ಇಬ್ಬರೂ ನನ್ನತ್ತ ನೋಡಿದರು. “ಟೀಚರ್ ನ್ಯೂಟ್ರಲ್. ಅವರಿಗೆ ತುಳು ಬರುದಿಲ್ಲ,” ಎಂದರು ಪ್ರೊಫೆಸರರು. ಅವರ ಜಗಳ ಕಾವೇರಿದಾಗೆಲ್ಲ ತುಳುವಿಗೆ ತಿರುಗುತ್ತಿತ್ತು ಎಂಬುದು ನಿಜ.

ಮೊದಲ ವಾರ ವಾರಿಜಾ ಸೋಲುವ ಉತ್ಸಾಹದಲ್ಲಿದ್ದರು. ಎರಡು ಸ್ವೆಟರ್, ಮಂಕಿ ಕ್ಯಾಪ್, ಗಂಡನ ಕಾಲುಚೀಲ. ತಮಗೆ ಎಷ್ಟು ಚಳಿ ಎಂಬುದು ಅಂಪೈರಿಗೆ ಕಾಣಲಿ ಎಂದು ಒಳಗೆ ಕೂರದೆ ಹೊರಗಿನ ಜಗಲಿಯಲ್ಲಿ, ನನ್ನ ಕಿಟಕಿಗೆ ಎದುರಾಗಿ, ಎಕ್ಸಿಬಿಟ್ ಎ ಎಂಬಂತೆ ಕುರ್ಚಿ ಹಾಕಿ ಕೂತರು.

ಅಲ್ಲೇ ಆದದ್ದು ಎಡವಟ್ಟು. ಪಾರ್ಕ್‌ಲ್ಯಾಂಡ್ಸಿನಲ್ಲಿ ನಾವೆಲ್ಲ ಬದುಕುವುದು ಎತ್ತರದ ಕಾಂಪೌಂಡ್ ಗೋಡೆಗಳ ಒಳಗೆ, ಗೋಡೆಯ ಮೇಲೆ ವಿದ್ಯುತ್ ತಂತಿ, ಗೇಟಿಗೆ ಕಾವಲಿನ ಆಸ್ಕರಿ. ಗೋಡೆಯಾಚೆ ಬೀದಿ ಇದೆ ಎಂಬುದು ಸದ್ದಿನಿಂದ ಮಾತ್ರ ಗೊತ್ತು. ಕಂಬಗಳ ಮೇಲೆ ನಿಂತ ಈ ಜಗಲಿ ಗೋಡೆಗಿಂತ ಎತ್ತರ. ವಾರಿಜಾ ನೈರೋಬಿಗೆ ಬಂದು ಮಕ್ಕಳನ್ನು ಬೆಳೆಸಿ, ಮದುವೆ ಮಾಡಿ, ಕಳಿಸಿದ ಮೇಲೆ, ಮೊಟ್ಟಮೊದಲ ಬಾರಿಗೆ ತಮ್ಮ ಬೀದಿಯನ್ನು ಕೂತು ನೋಡಿದರು.

ಗೋಡೆಗೆ ಒರಗಿ ತರಕಾರಿ ಮಾರುವ ಹೆಂಗಸು ಇಷ್ಟು ವರ್ಷ ಅಲ್ಲೇ ಇದ್ದಳಂತೆ! ವಾರಿಜಾ ಅವಳಿಗೆ ಮೇಲಿನಿಂದಲೇ ಅವಕಾಡೋ ಒತ್ತಿ ನೋಡುವ ವಿಧಾನ ಹೇಳಿದರು. ಅವಳು ಕೆಳಗಿನಿಂದಲೇ ನಿಮಗೇನು ಗೊತ್ತು ಎಂದಳು. ಸ್ನೇಹ ಕುದುರಿತು. ಹಗ್ಗಕ್ಕೆ ಬುಟ್ಟಿ ಕಟ್ಟಿ ತಂತಿಯ ಮೇಲಿಂದ ಇಳಿಬಿಟ್ಟು ಸೊಪ್ಪು ಎಳೆದುಕೊಳ್ಳುವುದು ಶುರುವಾಯಿತು. ಶಾಲೆಯ ಹುಡುಗಿಯರಿಗೆ ಜಡೆ ಬಿಚ್ಚಿದೆ ಎಂದು ಹೇಳುವುದು, ಎದುರು ಕಟ್ಟಡದ ಆಸ್ಕರಿಯ ಹಲ್ಲುನೋವಿಗೆ ಲವಂಗ ಇಳಿಸುವುದು. ತಿರುವಿನಲ್ಲಿ ನಿಲ್ಲುವ ಮಟಾಟು ವ್ಯಾನಿನ ಕಂಡಕ್ಟರ್ ಒಬ್ಬ ಬಾಗಿಲಿಗೆ ಜೋತುಬಿದ್ದು ಹೋಗುವುದನ್ನು ಕಂಡು, “ಒಳಗೆ ನಿಲ್ಲೋ! ನಿನ್ನ ಅಮ್ಮನಿಗೆ ಹೇಳ್ತೇನೆ!” ಎಂದು ಕನ್ನಡದಲ್ಲೇ ಗದರಿದರು. ಮರುದಿನದಿಂದ ಅವನು ಆ ತಿರುವಿಗೆ ಬಂದೊಡನೆ ಒಳಗೆ ಸರಿದು, “ಮಾಮಾ ವಾ ಜೂ!” ಎಂದು ಸಲಾಮು ಹಾಕುತ್ತಿದ್ದ. ಮೇಲಿನಮ್ಮ. ಬೀದಿಯವರೆಲ್ಲ ಅದೇ ಹೆಸರು ಹಿಡಿದರು.

“ಚಳಿ ಹೇಗಿದೆ?” ಎಂದು ನಾನು ಅಂಪೈರಾಗಿ ವಿಚಾರಿಸಿದೆ.

“ಯಾವ ಚಳಿ?” ಎಂದವರು ತಕ್ಷಣ ನೆನಪು ಮಾಡಿಕೊಂಡು, “ಅಯ್ಯೋ, ಭಯಂಕರ ಟೀಚರ್,” ಎಂದರು. ಕ್ಯಾಪ್ ಆಗಲೇ ಮಡಿಲಿಗೆ ಬಂದಿತ್ತು.

ಪ್ರೊಫೆಸರರು ಗೆಲ್ಲುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅವರ ಪ್ಲಾನಿನಲ್ಲಿ ಇಲ್ಲದ ಕಾರಣಕ್ಕೆ ಗೆಲ್ಲುತ್ತಿದ್ದರು ಎಂಬುದನ್ನು ಬಿಟ್ಟರೆ ಅವರಷ್ಟು ಸುಖಿ ಬೇರೆ ಇರಲಿಲ್ಲ. ಆದರೆ ತಿಂಗಳ ನಡುವಿನಿಂದ ಅವರು ಜಗಲಿಯಲ್ಲಿ ಕಾಣುವುದು ಕಡಿಮೆಯಾಯಿತು. “ಕೆಳಗೆ ಕಾರಿನಲ್ಲಿ ರೇಡಿಯೋ ನ್ಯೂಸ್ ಕೇಳ್ತಾರಂತೆ,” ಎಂದರು ವಾರಿಜಾ.

ಒಂದು ಸಂಜೆ ಅವರ ಪಾತ್ರೆ ಹಿಂದಿರುಗಿಸಲು ಹೋದವಳು ಮೆಟ್ಟಿಲು ಹತ್ತುವ ಮೊದಲು ಮನೆಯ ಕೆಳಗೆ ಇಣುಕಿದೆ. ಕಾರಿನ ಗಾಜುಗಳೆಲ್ಲ ಮೇಲಕ್ಕೆ. ಗಾಜಿನ ಮೇಲೆಲ್ಲ ಉಸಿರಿನ ಮಂಜು. ಒಳಗೆ ಕಂಬಳಿ ಹೊದ್ದು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕೂತು ಅವರು ಕೆಮ್ಮುತ್ತಿದ್ದರು. ಸಾಮಾನ್ಯ ಕೆಮ್ಮಲ್ಲ, ಇಡೀ ಕಾರು ಅಲುಗುವ ಕೆಮ್ಮು. ರೇಡಿಯೋ ದೊಡ್ಡದಾಗಿ ಹಾಡುತ್ತಿತ್ತು. ಜೀವಮಾನವೆಲ್ಲ ಗಾಳಿಯ ಪರವಾಗಿ ವಾದಿಸಿದ ಮನುಷ್ಯ ಇಡೀ ಕಾಂಪೌಂಡಿನಲ್ಲಿ ಗಾಳಿಯಾಡದ ಒಂದೇ ಪೆಟ್ಟಿಗೆಯನ್ನು ಹುಡುಕಿಕೊಂಡಿದ್ದರು.

ಗಾಜು ತಟ್ಟಿದೆ. ಒಂದಿಂಚು ಇಳಿಯಿತು.

“ಇದೇನು ಸರ್?”

“ನ್ಯೂಸ್.”

“ಚರ್ಚಿನ ಹಾಡು ಬರ್ತಾ ಇದೆ.”

“ಈಗ ಬರ್ತದೆ ನ್ಯೂಸ್.” ಮತ್ತೆ ಕೆಮ್ಮು. ಆಮೇಲೆ ಮೆಲ್ಲಗೆ ಹೇಳಿದರು. ಸೌತ್ ಸಿ ಬಡಾವಣೆಯಲ್ಲಿರುವ ನಮ್ಮ ಮಂಗಳೂರಿ ಡಾಕ್ಟರಮ್ಮನ ಹತ್ತಿರ ಗುಟ್ಟಾಗಿ ಹೋಗಿ ಬಂದಿದ್ದರಂತೆ. ಶ್ವಾಸಕೋಶ ದುರ್ಬಲವಾಗಿದೆ, ಬೆಚ್ಚಗಿನ ಮುಚ್ಚಿದ ಕೋಣೆ ಬೇಕು, ಆ ಮರದ ಮನೆ ಸುತರಾಂ ಕೂಡದು ಎಂದಿದ್ದರಂತೆ.

“ವಾರಿಜಾಗೆ ಹೇಳಬಾರದೇ?”

“ಹೇಳಿದರೆ ಪಂದ್ಯ ಮುಗೀತು. ಅವಳಿಗೆ ಮನೆ ಹಿಡಿಸ್ತಾ ಉಂಟು ಟೀಚರ್, ನೋಡ್ಲಿಲ್ವಾ? ಇನ್ನು ಸ್ವಲ್ಪ ದಿನ.”

“ಆಟಗಾರರ ಆರೋಗ್ಯ ನೋಡುವುದೂ ಅಂಪೈರ್ ಕೆಲಸ ಸರ್.”

“ಆಡ್ತಾ ಇರುದು ಅವಳು. ನಾನು ಬರೀ ಗ್ರೌಂಡ್,” ಎಂದು ಗಾಜು ಏರಿಸಿಕೊಂಡರು.

ಮೇಲೆ ಹೋದೆ. ವಾರಿಜಾ ನೆಲದ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಆ ಮನೆಯ ನೆಲದ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ. ಕೆಳಗಿನ ತಂಪು ಮೇಲೆ ಬರಲೆಂದು ಪ್ರೊಫೆಸರರು ಬೇಕೆಂದೇ ಬಿಟ್ಟದ್ದು. ತಂಪು ಬಂದಂತೆ ಸದ್ದೂ ಬರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಗಾಜು ಏರಿಸಿದ್ದರೂ, ಹಾಡಿನ ನಡುವೆ ಕೆಮ್ಮು ಸ್ಪಷ್ಟವಾಗಿ ಕೇಳುತ್ತಿತ್ತು.

ವಾರಿಜಾ ತಲೆ ಎತ್ತಲಿಲ್ಲ. “ರೇಡಿಯೋಗೆ ಕೆಮ್ಮು ಹಿಡಿದು ಒಂದು ವಾರ ಆಯ್ತು ಟೀಚರ್,” ಎಂದರು.

ನಾನು ಪಾತ್ರೆ ಹಿಡಿದುಕೊಂಡೇ ಕೂತೆ.

“ಎದೆ ಸರಿ ಇಲ್ಲ, ಫ್ಲಾಟಿಗೆ ಹೋಗುವ ಅಂತ ನಾನು ಹೇಳಿದ್ರೆ ಇವರು ಇಳೀತಾರಾ?”

“ಇಲ್ಲ.”

“ಇಲ್ಲ. ಸತ್ತಾರು, ಇಳಿಯುದಿಲ್ಲ. ಆದ್ರೆ ನಾನು ಸೋತ್ರೆ ಇಳಿಯಲೇ ಬೇಕಲ್ವಾ? ಮಾತು ಅಂದ್ರೆ ಮಾತು ಇವರಿಗೆ.” ಹೊರಗೆ ಮಟಾಟು ತಿರುವಿನಲ್ಲಿ ನಿಂತ ಸದ್ದು. ಆ ಹುಡುಗ ಎಂದಿನಂತೆ ಕೂಗಿದ. ವಾರಿಜಾ ಎದ್ದುಹೋಗಿ ಕೈ ಬೀಸಿ ಬಂದು ಮತ್ತೆ ಕೂತರು. ಹುರುಳಿಕಾಯಿಯನ್ನು ಅಗತ್ಯಕ್ಕಿಂತ ಸಣ್ಣಗೆ ಹೆಚ್ಚಿದರು.

ತೀರ್ಪಿನ ದಿನ ಜುಲೈ ಕೊನೆಯ ಭಾನುವಾರ. ನೈರೋಬಿಯ ಹವೆಗೆ ನಮ್ಮ ಮೇಲೆ ಏನು ದ್ವೇಷವೋ, ತಿಂಗಳಿಡೀ ಮುಖ ತೋರಿಸದ ಸೂರ್ಯ ಅಂದು ಬೆಳಿಗ್ಗೆಯೇ ಝಗ್ಗನೆ ಬಂದು ನಿಂತ. ಆಸ್ಕರಿಗಳು ಕೋಟು ಬಿಚ್ಚಿದ್ದರು. ಪ್ರೊಫೆಸರರು ಇಸ್ತ್ರಿ ಅಂಗಿ ತೊಟ್ಟು, ಮೈಸೂರ್‌ಪಾಕಿನ ತಟ್ಟೆಯನ್ನು ಮುಂದಿಟ್ಟುಕೊಂಡು ವಿಜಯಿಯಂತೆ ಕೂತಿದ್ದರು. ಡಾಕ್ಟರಮ್ಮನನ್ನೂ ಊಟಕ್ಕೆ ಕರೆದಿದ್ದರು. ಆಗ ಒಳಗಿನಿಂದ ವಾರಿಜಾ ಬಂದರು. ಮನೆಯಲ್ಲಿದ್ದ ಉಣ್ಣೆಯೆಲ್ಲ ಅವರ ಮೈಮೇಲೆ. ಸ್ವೆಟರ್, ಅದರ ಮೇಲೆ ಸ್ವೆಟರ್, ಶಾಲು, ಕ್ಯಾಪ್, ಕೈಗವಸು. ಬಾಗಿಲು ಅವರ ಅಳತೆಯದೇ ಆದರೂ ಆ ದಿನ ಅಡ್ಡಡ್ಡ ತಿರುಗಿ ದಾಟಬೇಕಾಯಿತು. ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಹಲ್ಲುಗಳನ್ನು ಕಟಕಟ ಕಡಿಯುತ್ತಿದ್ದರು. ನಮ್ಮ ಶಾಲೆಯ ಆನ್ಯುಯಲ್ ಡೇ ನಾಟಕಗಳಲ್ಲಿ ಅದಕ್ಕಿಂತ ಕೆಟ್ಟ ನಟನೆಯನ್ನು ನಾನು ಕಂಡಿಲ್ಲ.

“ನನ್ನಿಂದ ಆಗುದಿಲ್ಲ. ಚಳಿ. ಸೋತೆ,” ಎಂದರು.

ಪ್ರೊಫೆಸರರು ಸೂರ್ಯನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮೈಸೂರ್‌ಪಾಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಪಾಪ, ತಿನ್ನುವ ಮನಸ್ಸೇ ಹೋಯಿತೆಂದು ನಾನು ತಿಳಿದೆ. ಡಾಕ್ಟರಮ್ಮ ವಾರಿಜಾರ ನಾಡಿ ಹಿಡಿದು ಬಹಳ ಗಂಭೀರವಾಗಿ, “ಹೈಪೋಥರ್ಮಿಯಾ ಶುರುವಾಗ್ತಾ ಇದೆ,” ಎಂದರು. ಅವರೂ ನಮ್ಮ ಕಡೆಯೇ ಎಂದು ಆಗ ತಿಳಿಯಿತು.

“ಅಂಪೈರ್?” ಎಂದರು ಪ್ರೊಫೆಸರರು.

“ಔಟ್,” ಎಂದೆ.

ಆಮೇಲೆ ಅವರು ಅರ್ಧ ಗಂಟೆ ಹೆಂಡತಿಗೆ ತುಳುವಿನಲ್ಲಿ ಬೈದರು. ನ್ಯೂಟ್ರಲ್ ಆದ ನನಗೆ ಏನೂ ತಿಳಿಯಲಿಲ್ಲ. ಮುಂದಿನ ತಿಂಗಳು ಫ್ಲಾಟಿಗೆ ಹೋದರು.

ಮರದ ಮನೆ ಈಗ ನರ್ಸರಿ ಶಾಲೆ. ಮಕ್ಕಳು ಜಿರಾಫೆಗಳ ಕೆಳಗೆ ಮಲಗಿ ನಿದ್ದೆ ಮಾಡುತ್ತಾರೆ, ಟೀಚರುಗಳು ಮಾತ್ರ ಬಗ್ಗಿ ಓಡಾಡುತ್ತಾರೆ. ಫ್ಲಾಟಿನಲ್ಲಿ ಪ್ರೊಫೆಸರರ ಎದೆ ಬಹುಮಟ್ಟಿಗೆ ಸುಧಾರಿಸಿತು, ನಾಲಿಗೆಯೂ. ಎತ್ತರದ ಬಾಗಿಲುಗಳಲ್ಲೂ ಅಭ್ಯಾಸ ಬಲದಿಂದ ಬಗ್ಗುತ್ತ, ಬಂದವರಿಗೆಲ್ಲ ದೂರು: “ಇನ್ನೊಂದು ಜುಲೈ ತಡೆದಿದ್ದರೆ ಅವಳಿಗೆ ಒಗ್ಗುತ್ತಿತ್ತು. ಸ್ಟ್ಯಾಮಿನಾ ಇಲ್ಲ. ನನ್ನ ಮನೆಯನ್ನು ಸೋಲಿಸಿದ್ದು ನೈರೋಬಿಯ ಚಳಿ ಅಲ್ಲ, ನನ್ನ ಹೆಂಡತಿ.” ವಾರಿಜಾ ಅದನ್ನು ಕೇಳಿಸಿಕೊಂಡು, “ಹೌದು ಮಾರಾಯ್ರೆ, ನನ್ನದೇ ತಪ್ಪು,” ಎಂದು ಕಾಫಿ ಕೊಡುವರು. ಏಳನೇ ಮಹಡಿಯಿಂದ ಬೀದಿ ಕಾಣುತ್ತದೆ, ಮುಖಗಳು ಕಾಣುವುದಿಲ್ಲ. ಬಂದ ಹೊಸತರಲ್ಲಿ ಅವರು ಬಾಲ್ಕನಿಯಲ್ಲಿ ನಿಂತು ಆ ಮಟಾಟುವಿಗೆ ಕೈ ಬೀಸುತ್ತಿದ್ದರು. ಹುಡುಗ ಹಳೆಯ ಜಾಗದತ್ತ ನೋಡಿ ಮುಂದೆ ಹೋಗುತ್ತಿದ್ದ. ಆಮೇಲೆ ಅವರು ಬೀಸುವುದನ್ನು ಬಿಟ್ಟರು.

ವಾರಿಜಾ, ಇನ್ನು ಮುಂದಿನದು ನಿಮಗೂ ಹೊಸದು.

ಈ ವರ್ಷದ ಆರಂಭದಲ್ಲಿ ಒಂದು ದಿನ ನಿಮ್ಮಲ್ಲಿಗೆ ಬಂದಿದ್ದೆ. ಹೊರಟಾಗ ಪ್ರೊಫೆಸರರು ಕೆಳಗಿನವರೆಗೆ ಬಿಡುತ್ತೇನೆ ಎಂದು ಲಿಫ್ಟಿಗೆ ಬಂದರು. ನೀವು ಬಾಗಿಲಲ್ಲಿ ನಿಂತು ಶಾಲು ಹೊದ್ದುಕೊಳ್ಳಿ ಎಂದು ಕೂಗಿದಿರಿ. ನಡುವೆ ಎಲ್ಲೋ ಕರೆಂಟ್ ಹೋಯಿತು. ಲಿಫ್ಟ್ ನಿಂತಿತು. ಕತ್ತಲೆ.

“ಜನರೇಟರ್ ಶುರು ಮಾಡ್ತಾರೆ, ಹೆದರಬೇಡಿ,” ಎಂದರು. ಆಮೇಲೆ ಅವರೇ ಕೇಳಿದರು:

“ಟೀಚರ್, ಆ ಭಾನುವಾರ ಅವಳಿಗೆ ನಿಜವಾಗಿ ಚಳಿಯಾಗಿತ್ತಾ?”

“ತುಂಬಾ ಆಗಿತ್ತು ಸರ್. ಶಿ ವಾಸ್ ಶಿವರಿಂಗ್. ನಾನೇ ನೋಡಿದೆನಲ್ಲ.”

ಕತ್ತಲಲ್ಲಿ ಅವರು ನಗತೊಡಗಿದರು. “ಅವಳ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಾ ಇತ್ತು. ಮೈಸೂರ್‌ಪಾಕಿಗೆ ಬೀಳ್ತದೆ ಅಂತ ನಾನು ತಟ್ಟೆ ಸರಿಸಿದ್ದು.”

“ಗೊತ್ತಿದ್ದೂ ಯಾಕೆ ಒಪ್ಪಿದಿರಿ?”

“ಆ ಬಿಸಿಲಲ್ಲಿ ಅಷ್ಟು ಸ್ವೆಟರ್ ಹಾಕಿಕೊಂಡು ಬಂದವಳಿಗೆ ಇಲ್ಲ ಅನ್ನುದು ಹೇಗೆ?” ಎಂದರು. “ನಾನು ಇರುವ ತನಕ ಹೇಳಬೇಡಿ. ದಿನಾ ಬೈತೇನಲ್ಲ, ಅದು ನಿಂತ್ರೆ ನನಗೆ ಗೊತ್ತುಂಟು ಅಂತ ಅವಳಿಗೆ ಗೊತ್ತಾಗ್ತದೆ. ಆಮೇಲೆ ಪುನಃ ಕೆಳಗೆ ಮರದ ಮನೆಗೆ ಹೋಗುವಾ ಅಂತ ನಾನು ಹೇಳ್ತೇನೆ, ಬೇಡ ಅಂತ ಅವಳು. ಸುಮ್ಮನೆ ರಗಳೆ. ನಂತರ ಬೇಕಾದರೆ ಹೇಳಿ.”

ಕೆಳಗೆಲ್ಲೋ ಜನರೇಟರ್ ಗುಡುಗಿತು. ಬೆಳಕು ಬಂತು. ಅವರು ಕರವಸ್ತ್ರದಿಂದ ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡು ನೆಟ್ಟಗೆ ನಿಂತರು. ಕೆಳಗೆ ತಲುಪಿದಾಗ ನಾನು ಇಳಿದೆ. ಶಾಪಿಂಗ್ ಚೀಲಗಳನ್ನು ಹೊತ್ತ ಗುಜರಾತಿ ಹೆಂಗಸೊಬ್ಬರು ಒಳಗೆ ಹೋದರು. ನಾನು ತಿರುಗಿ ಕೈ ಎತ್ತುವಷ್ಟರಲ್ಲಿ ಬಾಗಿಲು ಮುಚ್ಚತೊಡಗಿತ್ತು. ಅವರು ನನ್ನನ್ನು ನೋಡುತ್ತಿರಲಿಲ್ಲ. ಲಿಫ್ಟಿನ ಛಾವಣಿಯನ್ನು ನೋಡುತ್ತ, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಆಕೆಯನ್ನು ಕೇಳುತ್ತಿದ್ದರು: “ಎಕ್ಸ್‌ಕ್ಯೂಸ್ ಮಿ ಮೇಡಂ, ಈ ಪೆಟ್ಟಿಗೆಗೆ ಗಾಳಿ ಎಲ್ಲಿಂದ ಬರುತ್ತದೆಂದು ನೀವು ಎಂದಾದರೂ ಯೋಚಿಸಿದ್ದೀರಾ?”